ಆಸ್ಟಿನ್ನಿನ ಬಾಗಿಲಿಗೆ ದಾನಪ್ಪನವರ ವಿಪ್

ದಾನಪ್ಪ ಅಂಕಲ್ ಬೆಂಗಳೂರಿನಲ್ಲಿ ಇಪ್ಪತ್ತೆರಡು ವರ್ಷ ಒಂದು ಪಕ್ಷದ ಶಾಸಕಾಂಗ ಕಚೇರಿಯ ಗುಮಾಸ್ತರಾಗಿದ್ದರು. ಹೀಗೇ ಮತ ಹಾಕತಕ್ಕದ್ದು ಎಂದು ಪಕ್ಷ ಹೊರಡಿಸುವ ಆಜ್ಞೆಯನ್ನು, ಅಂದರೆ ವಿಪ್ಪನ್ನು, ಶಾಸಕರಿಗೆ ಮುಟ್ಟಿಸುವುದು ಅವರ ಕೆಲಸ. ಶಾಸಕ ತಲೆತಪ್ಪಿಸಿಕೊಂಡರೆ ಶಾಸಕರ ಭವನದ ಕೋಣೆಯ ಬಾಗಿಲಿಗೆ ಅಂಟಿಸಿ, ಮುಟ್ಟಿತೆಂಬುದಕ್ಕೆ ಸಾಕ್ಷಿಯಾಗಿ ಫೋಟೊ ತೆಗೆಯುವುದು. ಆಮೇಲೆ ಅವನು ಅಡ್ಡ ಮತ ಹಾಕಿದನೋ, ಕುರ್ಚಿ ಹೋಯಿತು. ಈಗ ಟೆಕ್ಸಾಸಿನ ನಮ್ಮ ಊರು ಕೇಟಿಯಲ್ಲಿ, ಮನೆಮನೆಯಿಂದ ಅಡುಗೆ ತರುವ ಪ್ರತಿ ಪಾಟ್‌ಲಕ್‌ನಲ್ಲೂ ಇದೇ ಪುರಾಣ. ನನಗಂತೂ ಕೇಳಿ ಕೇಳಿ ಸಾಕಾಗಿತ್ತು. ಆದರೂ ಮಿಸುಕದೆ ಕೂರುತ್ತಿದ್ದೆ, ಏಕೆಂದರೆ ಅವರ ಹೆಂಡತಿ ಕಾಶವ್ವ ಆಂಟಿಯ ಶೇಂಗಾ ಹೋಳಿಗೆ ಬೇರೆಲ್ಲೂ ಸಿಗುವುದಿಲ್ಲ.

ಆಂಟಿಗೆ ಒಂದೇ ಆಸೆ. ಆ ಹೋಳಿಗೆ ನಮ್ಮ ಇಂಡಿಯನ್ ಅಂಗಡಿಯ ಕಪಾಟಿನಲ್ಲಿ ತಮ್ಮ ಹೆಸರು ಹೊತ್ತು ಕೂರಬೇಕು. ಮನೆಯಲ್ಲಿ ಮಾಡಿದ್ದನ್ನು ಅಂಗಡಿಗೆ ಹಾಕಲು ಕಾನೂನು ಬಿಡುತ್ತಿರಲಿಲ್ಲ. ಅದನ್ನು ಸಡಿಲಿಸುವ ಮಸೂದೆಯೊಂದು ರಾಜ್ಯದ ರಾಜಧಾನಿ ಆಸ್ಟಿನ್ನಿನ ಸದನಕ್ಕೆ ಬಂತು, ಆದರೆ ತಂದವರು ವಿರೋಧ ಪಕ್ಷದವರು. ಅಂಕಲ್ ಕೈಚೆಲ್ಲಿದರು.

"ಮುಗೀತ ತಗೋ ತಮ್ಮಾ. ನಮ್ಮ ಕ್ಷೇತ್ರದಾಂವ ಆಡಳಿತ ಪಕ್ಷದಾಂವ. ಅಂವ ಹೆಂಗ ಹಾಕ್ತಾನ?"

"ಇಲ್ಲಿ ಹಾಗಲ್ಲ ಅಂಕಲ್. ಪಾರ್ಟಿ ಹೇಳುತ್ತೆ, ಕೇಳಲೇಬೇಕು ಅಂತೇನಿಲ್ಲ. ಅಡ್ಡ ಹಾಕಿದ್ರೂ ಸೀಟು ಹೋಗಲ್ಲ."

"ಮತ್ತ ಅಂವ ಯಾರಿಗೆ ಅಂಜತಾನ?"

"ಓಟು ಹಾಕೋರಿಗೆ. ನಿಮ್ಮಿಬ್ರಿಗೂ ಸಿಟಿಜನ್‌ಶಿಪ್ ಆಗಿದೆಯಲ್ಲ, ನಿಮಗೇ."

ಅಂಕಲ್ ಎರಡು ದಿನ ಏನೋ ಬರೆಯುತ್ತ ಕೂತರು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಮೂರನೆಯ ದಿನ ಇಬ್ಬರೂ ನನ್ನ ಕಾರು ಹತ್ತಿದರು. ಅವರ ಮಗಳು ನಿಧಿ ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಟ್ಟ ಕಾಗದ ಅಂಕಲ್ ಕೈಯಲ್ಲಿತ್ತು. ಏನೋ ಮನವಿ ಪತ್ರ ಇರಬೇಕು ಅಂದುಕೊಂಡು ಎರಡೂವರೆ ಗಂಟೆ ಡ್ರೈವ್ ಮಾಡಿದೆ.

ಆಸ್ಟಿನ್ನಿನ ಶಾಸನಭವನದಲ್ಲಿ ನಮ್ಮ ಪ್ರತಿನಿಧಿಯ ಕೋಣೆ ಮುಚ್ಚಿತ್ತು. ಊಟದ ಹೊತ್ತು, ಕಾಯೋಣ ಅಂದೆ. ಮುಚ್ಚಿದ ಬಾಗಿಲು ಕಂಡು ಅಂಕಲ್ ಕೈ ಸುಮ್ಮನಿರುತ್ತದೆಯೇ? ಜೇಬಿನಿಂದ ಮೊಮ್ಮಗಳ ಗ್ಲೂ ಸ್ಟಿಕ್ ಹೊರಬಂತು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಕಾಗದ ಬಾಗಿಲ ಮೇಲಿತ್ತು, ಫೋಟೊ ಆಗಿತ್ತು.

'ತಾವು ಸೋಮವಾರ ಸದನದಲ್ಲಿ ಕಡ್ಡಾಯವಾಗಿ ಹಾಜರಿದ್ದು ಸದರಿ ಮಸೂದೆಯ ಪರವಾಗಿ ಮತ ಚಲಾಯಿಸತಕ್ಕದ್ದು. ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.' ಕೆಳಗೆ ಕನ್ನಡದಲ್ಲಿ ರುಜು: ಕಾಶವ್ವ.

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆದರೆ ಆ ಕಚೇರಿ ಆಗಲೇ ನೆಲದಡಿಯಲ್ಲಿತ್ತು. ಅಷ್ಟರಲ್ಲಿ ಬಾಗಿಲು ತೆರೆದು ಕಚೇರಿಯ ಹುಡುಗಿಯೊಬ್ಬಳು ಕಾಗದವನ್ನು ಎರಡು ಸಲ ಓದಿದಳು. ಶಿಸ್ತುಕ್ರಮ ಎಂದರೆ ಏನು ಮಾಡುತ್ತೀರಿ ಎಂದು ಕೇಳಿದಳು.

"ಬರೂ ಇಲೆಕ್ಷನ್ನದಾಗ ಅವಗ ಓಟು ಹಾಕೂದಿಲ್ಲಂತ ಹೇಳಪಾ" ಎಂದರು ಆಂಟಿ.

ಬೆವರುತ್ತ ಅನುವಾದಿಸಿದೆ. ಹುಡುಗಿ ನಗಲಿಲ್ಲ. ಆಂಟಿಯ ಹೆಸರು, ವಿಳಾಸ ಬರೆದುಕೊಂಡಳು. ಈ ಮಸೂದೆಯ ಬಗ್ಗೆ ಕ್ಷೇತ್ರದಿಂದ ಮಾತಾಡಿದವರಲ್ಲಿ ನೀವು ನಾಲ್ಕನೆಯವರು ಎಂದಳು. ಕಾಗದವನ್ನು ಬಾಗಿಲಲ್ಲೇ ಬಿಟ್ಟಳು.

ಸೋಮವಾರ ಅವರ ಮನೆಯ ಟಿವಿಯಲ್ಲಿ ಸದನ ನೋಡಿದೆವು. ನಮ್ಮ ಪ್ರತಿನಿಧಿಯ ಹೆಸರಿನ ಪಕ್ಕ ಹಸಿರು ದೀಪ ಹತ್ತಿತು. ಮಸೂದೆ ಪಾಸಾಯಿತು. ಆಂಟಿ ಚಪ್ಪಾಳೆ ತಟ್ಟಿ ನನ್ನ ಬೆನ್ನಿಗೂ ಒಂದು ಬಿಟ್ಟರು. ಅಂಕಲ್ ಮುಖ ಮಾತ್ರ ಬಿಳಿಚಿಕೊಂಡಿತ್ತು.

"ಹೋತು ಪಾಪ, ಅವನ ಕುರ್ಚಿ ಹೋತು. ನಮ್ಮ ಸಲುವಾಗಿ!"

ಮಾರನೆಯ ಬೆಳಿಗ್ಗೆ ನಾನು ಹೋದಾಗ, ಕುರ್ಚಿ ಕಳೆದುಕೊಂಡವನಿಗೆಂದು ಅಂಕಲ್ ಎರಡು ಡಜನ್ ಹೋಳಿಗೆ ಕಟ್ಟಿಸಿಟ್ಟಿದ್ದರು. ನನ್ನಿಂದ ಅದೇ ಹುಡುಗಿಗೆ ಫೋನ್ ಮಾಡಿಸಿದರು.

"ಸದನದಲ್ಲೇ ಇದ್ದಾರಂತೆ ಅಂಕಲ್. ಅವರ ಸೀಟಲ್ಲೇ."

"ಉಚ್ಚಾಟನೆ?"

"ಇಲ್ಲ."

"ನೋಟೀಸು?"

"ಇಲ್ಲ."

"ಬೈದರಂತೇನು?"

ಅದನ್ನೂ ಕೇಳಿದೆ, ನನ್ನ ಹಣೆಬರಹ. ಪಕ್ಷದವರು ಒಂದಿಬ್ಬರು ಮುಖ ಊದಿಸಿಕೊಂಡಿದ್ದಾರೆ, ಅಷ್ಟೇ ಎಂದಳು.

ಅಂಕಲ್ ಸೋಫಾದ ತುದಿಯಲ್ಲಿ ಕೂತರು. "ನಮ್ಮ ಕಡೆ ಕಲ್ಮೇಶಪ್ಪ ಅಂತ ಒಬ್ಬ ಶಾಸಕರಿದ್ದರು. ಅವರೂರ ಕೆರಿ ಜಾಗಾ ಕಾರ್ಖಾನಿಗೆ ಕೊಡೋ ಮಸೂದೆ ಬಂತು. ಪಾರ್ಟಿ ಕೊಡ್ರಿ ಅಂತು. ಅವರಿಗೆ ಮನಸಿರಲಿಲ್ಲ. ಬಾಗಲಾ ಹಾಕ್ಕೊಂಡು ಒಳಗಿಂದ, ದಾನಪ್ಪಾ, ನಾ ಸಿಗಲಿಲ್ಲಂತ ಹೇಳೋ ಅಂದರು. ಅಳಾಕತ್ತಿದ್ದರು. ನಾ ಅಂಟಿಸಿ ಫೋಟೊ ತಗದೆ."

"ಆಮೇಲೆ?"

"ಪಾರ್ಟಿ ಹೇಳಿದಂಗ ಹಾಕಿದರು. ಊರಾಗ ಮುಖಾ ತೋರಸಲಾರದಂಗ ಆತು. ಮುಂದ ನಿಲ್ಲಲೇ ಇಲ್ಲ."

ಆಂಟಿ ಒಳಗಿನಿಂದ ಹಳೆಯ ನಂಬರಿನ ಪುಸ್ತಕ ತಂದು ಅಂಕಲ್ ತೊಡೆಯ ಮೇಲಿಟ್ಟರು. ಊರಲ್ಲಿ ಆಗ ರಾತ್ರಿ ಊಟದ ಹೊತ್ತು; ಅಂಕಲ್ ಕಲ್ಮೇಶಪ್ಪನವರ ನಂಬರು ಒತ್ತಿದರು. ಮೂರನೆಯ ಸಲಕ್ಕೆ ಯಾರೋ ಎತ್ತಿದರು. ಅಂಕಲ್ ಎದ್ದು ನಿಂತರು.

"ಸಾಹೇಬರ, ನಾ ದಾನಪ್ಪರಿ... ಹೌದ್ರಿ, ಆಫೀಸಿನ ದಾನಪ್ಪ. ಏನಿಲ್ರಿ. ಅವತ್ತ ನೀವು ನನಗ ಸಿಕ್ಕಿರಲಿಲ್ರಿ."