ಅಪ್ಪ ಮೈಬ್ಯಾನಿಗೆ ಉಣಿಸಿದ ದಿನ

ಆಗೆಲ್ಲ ಓಡುವುದಕ್ಕೆ ನಮಗೆ ಕಾರಣ ಬೇಕಿರಲಿಲ್ಲ. ಓಣಿಯ ತುದಿಯಲ್ಲಿ ಒಬ್ಬ ಓಡಿದರೆ ಸಾಕು, ಉಳಿದವರು ಯಾಕೆ ಏನು ಎಂದು ಕೇಳದೆ ಅವನ ಬೆನ್ನು ಹತ್ತುತ್ತಿದ್ದೆವು. ಹಳ್ಳದವರೆಗೆ ಓಡಿ, ಅಲ್ಲಿ ಏನೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ವಾಪಸು ಓಡಿ ಬರುತ್ತಿದ್ದೆವು. ಓದುವ ನಿಮ್ಮಲ್ಲೂ ಹಾಗೆ ಓಡಿದವರಿದ್ದೀರಿ. ಮೊನ್ನೆ ಮೊಮ್ಮಗನ ಶಾಲೆಯ ಆಟೋಟಕ್ಕೆ ಹೋದಾಗ ಅಲ್ಲಿಯ ಮಾಸ್ತರರೊಬ್ಬರು, ಇಷ್ಟು ಚೆನ್ನಾಗಿ ದೂರದ ಓಟ ಓಡುವ ಹುಡುಗರು ನಡುವೆಯೇ ಯಾಕೆ ಬಿಟ್ಟುಬಿಡುತ್ತಾರೋ ಎಂದು ಪೇಚಾಡಿದರು. ಈಗಿನವರಿಗೆ ಛಲವಿಲ್ಲ ಎಂದು ಉತ್ತರವನ್ನೂ ಅವರೇ ಹೇಳಿಕೊಂಡರು. ನಾನು ಚಹಾ ಕುಡಿಯುತ್ತ ಕೂತಿದ್ದೆ. ನಾನು ಹನ್ನೆರಡನೆಯ ವಯಸ್ಸಿಗೇ ಓಟ ಬಿಟ್ಟವನು.

ನಮ್ಮದು ಆಳಂದ ತಾಲೂಕಿನಲ್ಲಿ ಮಾದನಹಿಪ್ಪರಗಾದ ಹತ್ತಿರದ ಒಂದು ಹಳ್ಳಿ. ನಿಜಾಮರ ಆಳಿಕೆ ಇನ್ನೂ ಮುಗಿದಿರಲಿಲ್ಲ. ಶಾಲೆಯಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಎರಡರ ನಡುವಿನ ಹಾದಿಯಲ್ಲಿ ಓಟ. ನನ್ನ ಜೊತೆಗಾರ ಮೈಬೂಬ. ನಮಗೆಲ್ಲ ಮೈಬ್ಯಾ. ಅವರಪ್ಪ ಹತ್ತಿ ಹಿಂಜುವ ಪಿಂಜಾರ, ಹಾಗಾಗಿ ಮೈಬ್ಯಾನ ತಲೆಗೂದಲಲ್ಲಿ, ಹುಬ್ಬಿನಲ್ಲಿ ಯಾವಾಗಲೂ ಅರಳೆಯ ಎಳೆಗಳು. ಅವನು ನನಗಿಂತ ಚೆನ್ನಾಗಿ ಓಡುತ್ತಿದ್ದ. ಸ್ವಲ್ಪ ಅಲ್ಲ, ಬಹಳ ಚೆನ್ನಾಗಿ. ನಾನು ಏದುಸಿರು ಬಿಡುವ ಹೊತ್ತಿಗೆ ಅವನು ಮಾತು ಶುರು ಮಾಡುತ್ತಿದ್ದ. ಅದರಿಂದ ನನಗೆ ಎಂದೂ ಬೇಜಾರಾಗಿರಲಿಲ್ಲ, ಅವನ ಬೆನ್ನ ಹಿಂದೆ ಓಡುವುದೇ ನನಗೆ ಇಷ್ಟವಾಗಿತ್ತು.

ನನ್ನಪ್ಪ ಎತ್ತುಗಳ ಮನುಷ್ಯ. ಕಾರಹುಣ್ಣಿಮೆಯ ಎತ್ತಿನ ಓಟದಲ್ಲಿ ಗೆದ್ದವರಿಗೆ ಊರವರು ರುಮಾಲು ಸುತ್ತುತ್ತಿದ್ದರು. ಓಡಿದ್ದು ಎತ್ತು, ರುಮಾಲು ಮಾತ್ರ ಒಡೆಯನ ತಲೆಗೆ. ಅಪ್ಪನ ಬಳಿ ಅಂಥ ರುಮಾಲುಗಳು ಗೂಟದ ತುಂಬ ಇದ್ದವು. ಆ ವರ್ಷದ ಕಾರಹುಣ್ಣಿಮೆಯಲ್ಲಿ ಅವನ ಕೆಂದ ಎತ್ತು ಊರ ಹೆಬ್ಬಾಗಿಲಾದ ಅಗಸಿಯ ಮುಂದೆಯೇ ಕಾಲು ಜಾರಿ ಬಿತ್ತು. ಮುಂಗಾಲು ಮುರಿಯಿತು. ಅಪ್ಪ ಎಂಟು ದಿನ ಯಾರ ಮುಖವನ್ನೂ ನೋಡಲಿಲ್ಲ. ಒಂಬತ್ತನೆಯ ದಿನ ಅಂಗಳದಲ್ಲಿ ಕೂತು ನನ್ನ ಕಾಲು ನೋಡತೊಡಗಿದ.

"ಏ ಶರಣ್ಯಾ, ಬಾ ಇಲ್ಲಿ. ನಿಂದ್ರು. ತಿರುಗು," ಎಂದ. ಬಗ್ಗಿ ನನ್ನ ಮೀನಖಂಡ ಹಿಚುಕಿ ನೋಡಿದ. "ಪಂಚಮಿಗಿ ನೀ ಓಡಬೇಕು."

ನಾಗರಪಂಚಮಿಗೆ ನಮ್ಮ ಕಡೆ ಪಂದ್ಯಗಳ ಸುಗ್ಗಿ. ನಿಂಬೆಹಣ್ಣು ಒಗೆಯುವವರು, ಜೋಳದ ಚೀಲ ಹೊತ್ತು ನಡೆಯುವವರು, ಗುಂಡು ಎತ್ತುವವರು. ಹುಡುಗರಿಗೆ ಓಟ. ನಮ್ಮ ಅಗಸಿಯಿಂದ ಹೊರಟು ಹಳ್ಳ ದಾಟಿ, ಆಚೆ ಊರಿನ ಹನುಮಪ್ಪನ ಗುಡಿಕಟ್ಟೆಯಲ್ಲಿ ಕೂತ ಮುದುಕನಿಂದ ಅಂಗೈಗೆ ಸುಣ್ಣ ಹಚ್ಚಿಸಿಕೊಂಡು ಮರಳಿ ಬರಬೇಕು. ಎರೆಹೊಲದ ಹಾದಿ, ಶ್ರಾವಣದ ಮಳೆ. ಕಾಲಿಗೆ ಮೆತ್ತಿದ ಮಣ್ಣು ಹೆಜ್ಜೆಹೆಜ್ಜೆಗೂ ದಪ್ಪವಾಗುತ್ತ ಹೋಗುತ್ತಿತ್ತು. ಗೆದ್ದವನ ಮನೆಗೆ ಇಲ್ಲಿಯೂ ರುಮಾಲೇ.

ಮರುದಿನದಿಂದ ಅಪ್ಪ ನನ್ನನ್ನು ಪಳಗಿಸತೊಡಗಿದ. ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ನಸುಕಿನಲ್ಲಿ ನೆನೆಸಿದ ಕಡಲೆ ಬೆಲ್ಲ, ಮೇಲೆ ತಂಬಿಗೆ ತುಂಬ ಹಸಿ ಹಾಲು. ಆ ಹಾಲು ನನ್ನ ತಂಗಿಯ ಪಾಲಿನದು. ಓಡುವಾಗ, ಓಡಿದ ಮೇಲೆ, ನೀರು ಕೇಳುವಂತಿಲ್ಲ, ಹೊಟ್ಟೆ ಜೋಲುತ್ತದಂತೆ. ಚಿಣಿಕೋಲಾಟ ಬಂದ್, ಗೋಟಿಯಾಟ ಬಂದ್. ಹಳ್ಳದಲ್ಲಿ ಈಜಿದರೆ ನರ ಸಡಿಲಾಗುತ್ತವೆ ಎಂದು ಅದೂ ಬಂದ್. ಸಂಜೆ ಕುಸುಬೆ ಎಣ್ಣೆ ಹಚ್ಚಿ ಕಾಲು ತಿಕ್ಕುತ್ತಿದ್ದ. ಎಷ್ಟು ಚೆಂದ ತಿಕ್ಕುತ್ತಿದ್ದನೆಂದರೆ ನಿದ್ದೆ ಬರುತ್ತಿತ್ತು. ಆದರೆ ತಿಕ್ಕುವಾಗ ಒಮ್ಮೆಯೂ ನನ್ನ ಮುಖ ನೋಡಿದ್ದು ನನಗೆ ನೆನಪಿಲ್ಲ.

ಎತ್ತು ಒಂಟಿಯಾಗಿ ಕಲಿಯುವುದಿಲ್ಲ, ಜೋಡಿ ಬೇಕು. ಅದಕ್ಕೆ ಮೈಬ್ಯಾನನ್ನು ಕರೆಸಿದ. ಮೈಬ್ಯಾನಿಗೆ ಖುಷಿಯೋ ಖುಷಿ. ಓಡಿದ್ದಕ್ಕೆ ದಿನಾ ಒಂದು ಹಿಡಿ ಕಡಲೆ ಸಿಗುತ್ತದೆಂದರೆ ಅವನು ಕಲಬುರ್ಗಿಯವರೆಗೂ ಓಡಲು ತಯಾರು. ಮೊದಲ ವಾರ ನನಗೂ ಹಬ್ಬವೇ. ಎರಡನೆಯ ವಾರದಿಂದ ಅಪ್ಪ ಬಾರುಕೋಲು ಹಿಡಿದು ಹಳ್ಳದ ದಂಡೆಯಲ್ಲಿ ನಿಲ್ಲತೊಡಗಿದ. ಮೈಬ್ಯಾ ಮುಂದೆ ಬರುತ್ತಿದ್ದ, ನಾನು ಹಿಂದೆ. ಏಟು ನನ್ನ ಬೆನ್ನಿಗೆ.

"ಆ ಪಿಂಜಾರನ ಹುಡುಗಗ ಒಣಾ ರೊಟ್ಟಿ ತಿಂದು ಅಷ್ಟು ದಮ್ ಅದ. ನಿಂಗ ಹಾಲ ಕುಡಿಸಾಕತ್ತೇನಿ. ಎಲ್ಲಿ ಹೋಗ್ತದಲೇ ಆ ಹಾಲು?"

ಅದನ್ನು ನೋಡಲಾರದೆ ಮೈಬ್ಯಾ ಒಂದು ದಿನ ಬೇಕೆಂದೇ ನಿಧಾನ ಮಾಡಿದ, ಇಬ್ಬರೂ ಸರಿಸಮ ಬಂದೆವು. ಅಪ್ಪ ಮೂರ್ಖನಲ್ಲ. ಎತ್ತಿನ ನಾಟಕ ನೋಡಿದವನಿಗೆ ಹುಡುಗರ ನಾಟಕ ತಿಳಿಯದೆ ಇರುತ್ತದೆಯೇ? ಆ ದಿನ ನನಗೆ ದುಪ್ಪಟ್ಟು ಬಿತ್ತು. ಮೈಬ್ಯಾನನ್ನು ಅವನು ಎಂದೂ ಮುಟ್ಟಲಿಲ್ಲ. ಬರಬರುತ್ತ ನನಗೆ ಮೈಬ್ಯಾನ ಬೆನ್ನು ಕಂಡರೆ ಸಿಟ್ಟು ಬರತೊಡಗಿತು. ಎರಡು ತಿಂಗಳ ಹಿಂದೆ ಯಾವ ಬೆನ್ನ ಹಿಂದೆ ನಗುತ್ತ ಓಡುತ್ತಿದ್ದೆನೋ ಅದೇ ಬೆನ್ನು.

ಪಂಚಮಿ ಹತ್ತಿರ ಬಂದಾಗ ಹಳ್ಳದಲ್ಲಿ ಕಾಲು ತೊಳೆಯುತ್ತ ಮೈಬ್ಯಾ ಹೇಳಿದ, "ಶರಣ್ಯಾ, ಹಬ್ಬದ ದಿನ ನಾ ನಿಂಗೋಸ್ಕರ ನಿಲ್ಲಂಗಿಲ್ಲ ನೋಡು. ಅಬ್ಬಾಗ ರುಮಾಲ ಬೇಕು. ಅಂವ ಹರಕ ವಸ್ತ್ರ ಸುತಗೊಂಡು ಊರೂರು ತಿರಗ್ತಾನ."

"ಓಡಲೇ, ಯಾರ್ ಬ್ಯಾಡ ಅಂದಾರ?" ಎಂದೆ. ಮನಸ್ಸಿನಲ್ಲಿ ನನಗೆ ಒಂದು ಥರ ಸಮಾಧಾನವೇ ಆಗಿತ್ತು. ಮೈಬ್ಯಾ ಗೆಲ್ಲುತ್ತಾನೆ, ಅಪ್ಪ ಒಮ್ಮೆ ಚೆನ್ನಾಗಿ ಹೊಡೆಯುತ್ತಾನೆ, ಅಲ್ಲಿಗೆ ಇದೆಲ್ಲ ಮುಗಿಯುತ್ತದೆ ಎಂದುಕೊಂಡಿದ್ದೆ.

ಹಬ್ಬದ ಮುಂಜಾನೆ ಮನೆಯೆಲ್ಲ ಬೆಲ್ಲದ ಪಾಕದ ವಾಸನೆ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಜೋಳದ ಅಳ್ಳು. ಅಕ್ಕಂದಿರು ಬೇವಿನ ಮರದ ಜೋಕಾಲಿಯಲ್ಲಿ ಜೀಕುತ್ತಿದ್ದರು. ಪಂದ್ಯದ ಎತ್ತಿಗೆ ಆ ದಿನ ಉಪವಾಸ, ಹಾಗಾಗಿ ನನಗೂ ಉಪವಾಸ. ಬಾಯಲ್ಲಿ ನೀರೂರಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ಮೈಬ್ಯಾ ಬಂದ. ಅಪ್ಪ ಎದ್ದು ಹೋಗಿ ಅವನ ಹೆಗಲ ಮೇಲೆ ಕೈ ಹಾಕಿದ.

"ಬಾ ಮಗನ, ಒಳಗ ಬಾ. ಹಬ್ಬದ ದಿನ ಹೊರಗ ಕೂಡ್ತಾರೇನು?"

ಮೈಬ್ಯಾ ಅಲ್ಲಿಯವರೆಗೆ ನಮ್ಮ ಹೊಸ್ತಿಲು ದಾಟಿದವನಲ್ಲ. ಪಡಸಾಲೆಯಲ್ಲಿ ಕಂಬಳಿ ಹಾಸಿ, ನಮ್ಮದೇ ಕಂಚಿನ ತಟ್ಟೆಯಲ್ಲಿ, ಅಪ್ಪ ತನ್ನ ಕೈಯಾರೆ ಬಡಿಸಿದ. ನಾನು ಮಿಕಿಮಿಕಿ ನೋಡಿದೆ. ಮೈಬ್ಯಾ ಮೊದಲು ನಾಚಿದ. ಒಂದು ಉಂಡಿ ಹೋದ ಮೇಲೆ ನಾಚಿಕೆ ಹೋಯಿತು. ಎರಡು, ಮೂರು, ಕಡುಬಿನ ಮೇಲೆ ತುಪ್ಪ, ಅದರ ಮೇಲೆ ಕೆನೆಹಾಲು. ನಿಲ್ಲಿಸಿದಾಗಲೆಲ್ಲ ಅಪ್ಪ, "ಉಣ್ಣಪಾ, ನಾಚಬ್ಯಾಡ. ನಿನ್ನ ಮನಿ ಅಂತ ತಿಳಕೊ," ಎಂದು ತಲೆ ಸವರಿದ. ನನ್ನ ತಲೆಯನ್ನು ಅವನು ಹಾಗೆ ಸವರಿರಲಿಲ್ಲ. ಹೊಟ್ಟೆಯುರಿಯಿಂದ ನನಗೆ ಅಳು ಬಂತು.

ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು, "ಸಾಕ್ ಬಿಡ್ರಿ. ಓಡೋ ಕೂಸು ಅದ," ಎಂದಳು.

"ಹಬ್ಬದಾಗ ಹಸಗೊಂಡು ಕಳಸೂದೇನ?" ಎಂದು ಅಪ್ಪ ಅವಳನ್ನೇ ನೋಡಿದ. ಅವ್ವನ ಕೈಯಲ್ಲಿ ಉಂಡಿಯ ಪರಾತ ಇತ್ತು. ಅದನ್ನು ನೆಲಕ್ಕಿಟ್ಟು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಅಪ್ಪ ಮೈಬ್ಯಾನಿಗೆ ತಂಬಿಗೆ ತುಂಬ ನೀರು ಕೊಟ್ಟ. ಅದು ಮುಗಿದ ಮೇಲೆ ಇನ್ನೊಂದು ಕೊಟ್ಟ.

ಓಟ ಶುರುವಾಯಿತು. ಹೋಗುವಾಗ ಮೈಬ್ಯಾನೇ ಮುಂದೆ, ಅವನ ಹಿಂದೆ ನಾನು, ಉಳಿದ ಹುಡುಗರು ಬಹಳ ದೂರ. ಗುಡಿಕಟ್ಟೆಯಲ್ಲಿ ಅವನು ಸುಣ್ಣ ಹಚ್ಚಿಸಿಕೊಂಡು ತಿರುಗುವಾಗ ನಾನಿನ್ನೂ ಆ ಊರ ಬಾವಿಯ ಹತ್ತಿರವಿದ್ದೆ. ಎದುರಿಗೆ ಬಂದಾಗ ಅವನು ನಗಲಿಲ್ಲ. ಮುಖ ಬಿಳಿಚಿಕೊಂಡಿತ್ತು, ಒಂದು ಕೈ ಪಕ್ಕೆಯ ಮೇಲಿತ್ತು. ಮರಳಿ ಬರುತ್ತ ಹಳ್ಳದ ಏರಿನಲ್ಲಿ ನೋಡುತ್ತೇನೆ, ಮೈಬ್ಯಾ ಕೆಸರಿನಲ್ಲಿ ನಾಲ್ಕು ಕಾಲಾಗಿದ್ದಾನೆ. ವಾಂತಿ. ಎಳ್ಳು, ಬೆಲ್ಲ, ಹಾಲು, ಎಲ್ಲ ಬರುತ್ತಿತ್ತು. ನಾನು ನಿಂತೆ.

"ಹೊಟ್ಟಿ ಹಿಡಕೊಂಡದಲೇ," ಎಂದ. ಆಮೇಲೆ ನನ್ನ ಮುಖ ನೋಡಿ, "ನೀ ಹೋಗು. ನಿಮ್ಮಪ್ಪ ಹೊಡಿತಾನ," ಎಂದ.

ತಲೆಯೆತ್ತಿದರೆ ದಂಡೆಯ ಮೇಲೆ ಅಪ್ಪ. ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಊರವರೆಲ್ಲ ಅಗಸಿಯಲ್ಲಿದ್ದರು. ಅವನೊಬ್ಬ ಮಾತ್ರ ಮೈಬ್ಯಾ ಎಲ್ಲಿ ಬೀಳುತ್ತಾನೋ ಅಲ್ಲಿಗೇ ಬಂದು ನಿಂತಿದ್ದ. "ನಡೀ," ಎಂದ ಅಷ್ಟೆ. ಬಾರುಕೋಲು ಎತ್ತಲೂ ಇಲ್ಲ. ನಾನು ಓಡಿದೆ.

ಅಗಸಿಯಲ್ಲಿ ಹಲಗೆ ಬಡಿದರು. ಕೇಸರಿ ರುಮಾಲನ್ನು ಅಪ್ಪನ ತಲೆಗೆ ಸುತ್ತಿದರು. ಸ್ವಲ್ಪ ಹೊತ್ತಿಗೆ ಮೈಬ್ಯಾ ನಡೆದು ಬಂದ, ಎದೆಯ ಮೇಲೆಲ್ಲ ವಾಂತಿ. ಜನ ನಕ್ಕರು. ಅವರಪ್ಪ, ಯಾರಿಗೂ ಎತ್ತರದ ದನಿಯಲ್ಲಿ ಮಾತಾಡದ ಆ ಪಿಂಜಾರ, ಎಲ್ಲರೆದುರು ಮಗನ ಕಪಾಳಕ್ಕೆ ಹೊಡೆದ. "ಹೊಟ್ಟಿಬಾಕ! ಎಂದೂ ಕೂಳ ಕಂಡಿದ್ದಿಲ್ಲೇನ್? ಮಂದ್ಯಾಗ ನನ್ನ ಇಜ್ಜತ್ ಕಳದ್ಯಲ್ಲೋ!"

ರುಮಾಲು ಸುತ್ತಿದ ನನ್ನಪ್ಪ ನಡುವೆ ಹೋಗಿ ಅವನ ಕೈ ಹಿಡಿದ. "ಬಿಡಪಾ, ಸಣ್ಣ ಹುಡುಗ. ಹಬ್ಬದಾಗ ನಾಕು ಉಂಡಿ ಹೆಚ್ಚ ತಿಂದಾನ," ಎಂದ. ಎಂಥ ದೊಡ್ಡ ಮನಸ್ಸು ಎಂದು ಜನ ತಲೆದೂಗಿದರು. ಸಂಜೆ ನಮ್ಮ ಕಟ್ಟೆಯ ಮೇಲೆ ಅವನ ಎತ್ತಿನ ಗೆಳೆಯರು ಸೇರಿದಾಗ ಅಪ್ಪ ತೊಡೆ ತಟ್ಟಿ ಹೇಳಿದ್ದನ್ನು ನಾನು ಕಂಬದ ಮರೆಯಲ್ಲಿ ಕೇಳಿದೆ. "ಪಂದ್ಯದ ದಿನ ಎದುರಿನ ಎತ್ತಿಗಿ ಹಸಿ ಮೇವು ಹಾಕಿದಂಗ ಹಾಕೀನಿ. ಹೊಟ್ಟಿ ತುಂಬ." ಅವರೆಲ್ಲ ಬಿದ್ದು ಬಿದ್ದು ನಕ್ಕರು.

ಹಬ್ಬ ಮುಗಿದ ಮೂರನೆಯ ದಿನವೇ ಅಪ್ಪ ಬಾರುಕೋಲು ಹಿಡಿದು ಬಂದ. ಇನ್ನು ಅಫಜಲಪುರ, ಜೇವರ್ಗಿ ಕಡೆಯ ಪಂದ್ಯಗಳಿಗೆ ಕರೆದೊಯ್ಯುತ್ತಾನಂತೆ. ಹಳ್ಳದ ಏರಿನವರೆಗೆ ನಡೆದೆ. ಮೈಬ್ಯಾ ಬಿದ್ದಿದ್ದ ಜಾಗದಲ್ಲಿ ಕೂತುಬಿಟ್ಟೆ. ಅಪ್ಪ ಬೈದ, ಹೊಡೆದ, ಕೂದಲು ಹಿಡಿದು ಎಳೆದ. ನಾನು ಅಳಲೂ ಇಲ್ಲ, ಏಳಲೂ ಇಲ್ಲ. ನೊಗ ಕಂಡರೆ ಮಲಗುವ ಎತ್ತುಗಳಿರುತ್ತವೆ, ಅವನ್ನು ಚರ್ಮ ಸುಲಿದರೂ ಎಬ್ಬಿಸಲಾಗದು. ಅಪ್ಪನಿಗೆ ಅದು ಗೊತ್ತಿತ್ತು. ಸುಸ್ತಾಗಿ ಪಕ್ಕದಲ್ಲಿ ಕೂತ, ಬೀಡಿ ಸೇದಿದ, ಎದ್ದು ಹೋದ. "ನನ್ನ ಮಗಗ ಛಲ ಇಲ್ಲ," ಎಂದು ಊರ ತುಂಬ ಹೇಳಿಕೊಂಡ. ಮರುದಿನದಿಂದ ಹಾಲು ತಂಗಿಗೆ ಹೋಯಿತು. ಸಂಜೆ ನನ್ನ ಕಾಲಿಗೆ ಎಣ್ಣೆ ಹಚ್ಚುವುದೂ ನಿಂತಿತು. ನಾಚಿಕೆಗೇಡಿನ ಮಾತು, ಆ ಎಣ್ಣೆಯ ಕೈಗಾಗಿ ನಾನು ಬಹಳ ದಿನ ಕಾದೆ.

ಮೈಬ್ಯಾನೂ ಓಡುವುದು ಬಿಟ್ಟಿದ್ದ. ಹತ್ತಿ ಹಿಂಜುವ ಬಿಲ್ಲು ಹೊತ್ತು ಅವರಪ್ಪನ ಹಿಂದೆ ನಡೆಯುತ್ತಿದ್ದ. ಊರ ಹುಡುಗರು ಅವನನ್ನು ಕಂಡಾಗೆಲ್ಲ ವಾಂತಿ ಮಾಡುವಂತೆ ಓಕರಿಸಿ ತೋರಿಸುತ್ತಿದ್ದರು. ದಸರೆಯ ಹೊತ್ತಿಗೆ ಹಳ್ಳದಲ್ಲಿ ಒಬ್ಬನೇ ಸಿಕ್ಕ. ನಾನು ಹೋಗಿ ಪಕ್ಕದಲ್ಲಿ ಕೂತೆ.

"ನಂದಽ ತಪ್ಪಲೇ," ಎಂದ ಅವನೇ ಮೊದಲು. "ನಿಮ್ಮವ್ವ ಎಂಥಾ ಉಂಡಿ ಮಾಡಿದ್ಳು ಅಂತಿ. ಕೈ ತಡಿಲಿಲ್ಲ. ಅಬ್ಬಾನ ರುಮಾಲ ನಾನಽ ತಿಂದಬಿಟ್ಟೆ."

ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಹಸಿ ಮೇವಿನ ಮಾತು, ಕಟ್ಟೆಯ ಮೇಲಿನ ನಗು, ಅಪ್ಪ ಹಳ್ಳದ ದಂಡೆಯಲ್ಲಿ ಬಂದು ನಿಂತದ್ದು. ಕೇಳಿದರೆ ಅವನ ಎದೆ ಹಗುರಾದೀತು ಎಂದು ನನ್ನ ಲೆಕ್ಕ. ಅವನು ನನ್ನ ಅಂಗಿಯ ಕೊರಳಪಟ್ಟಿ ಹಿಡಿದ.

"ಸುಳ್ಳ ಹೇಳಬ್ಯಾಡ. ನಂಗ ಹುಟ್ಟಿದಾಗಿಂದ ಹೊಟ್ಟಿ ತುಂಬ ಉಣಿಸಿದಾಂವ ನಿಮ್ಮಪ್ಪ ಒಬ್ಬನಽ. ತಲಿ ಮ್ಯಾಗ ಕೈ ಇಟ್ಟು ಮಗನ ಅಂದಾನ. ಅದನ್ನೂ ಕಸಗೋತೀಯೇನು?"

ಬಿಲ್ಲು ಹೊತ್ತುಕೊಂಡು ಎದ್ದು ಹೋದ. ಮತ್ತೆ ನನ್ನೊಡನೆ ಮಾತಾಡಲಿಲ್ಲ. ಮುಂದಿನ ವರ್ಷ ಅವರ ಮನೆಮಂದಿ ಸೊಲ್ಲಾಪುರದ ಗಿರಣಿಗೆ ಕೆಲಸಕ್ಕೆ ಹೋದರು. ನನ್ನಪ್ಪನ ವಿಷಯ ಬಂದರೆ ಮೈಬ್ಯಾ ಅಲ್ಲಿ ಈಗಲೂ ಕಣ್ಣು ತುಂಬಿಕೊಳ್ಳುತ್ತಾನೆ ಎಂದು ಬಹಳ ವರ್ಷಗಳ ಮೇಲೆ ಯಾರೋ ಹೇಳಿದರು.

ಅಪ್ಪ ಸತ್ತು ಎಷ್ಟೋ ಕಾಲವಾಯಿತು. ನನ್ನ ಮಂಡಿಗಳು ಹೋಗಿವೆ, ಓಟವಂತೂ ಅದಕ್ಕೂ ಬಹಳ ಹಿಂದೆಯೇ ಹೋಯಿತು. ಒಬ್ಬನ ಬೆನ್ನ ಹಿಂದೆ ಸುಮ್ಮನೆ ಓಡುವ ಸುಖ ಮತ್ತೆ ಯಾವುದರಲ್ಲೂ ಸಿಗಲಿಲ್ಲ. ತಲೆ ಸವರಿ ಉಣ್ಣು ಮಗನ ಎಂದ ಆ ಅಪ್ಪ ಮೈಬ್ಯಾನಿಗೆ ಇದ್ದ, ಇನ್ನೂ ಇದ್ದಾನೆ. ನನಗೆ ಅವನು ಒಂದು ದಿನವೂ ಇರಲಿಲ್ಲ.