ಗಾರ್ಡನ್ನಿನ ಮದರಂಗಿ ಬೇಲಿ

ಅವ್ವನ ಸೆರಗಿನ ಅಂಚಿಗೆ ಒಂದು ಮದರಂಗಿ ಎಲೆ ಸಿಕ್ಕಿಕೊಂಡಿತ್ತು. ಬಿಡಿಸಿ ಉಗುರಿನಿಂದ ಚಿವುಟಿದೆ. ಅದೇ ಒಗರು ವಾಸನೆ. ಗಾರ್ಡನ್ನಿನ ಮಾಲಿ ತೀರಿಕೊಂಡಿದ್ದ. ಅವ್ವ ಅವನ ಮನೆಯವರನ್ನು ಮಾತಾಡಿಸಿ ಬೇಲಿಯ ಪಕ್ಕದ ದಾರಿಯಿಂದ ಬಂದಿದ್ದಳು. "ಪಾಪ, ಛಲೋ ಮನಿಷ್ಯಾ," ಎಂದಳು.

ಸಿಂದಗಿಯ ಆ ಗಾರ್ಡನ್ ಮೊದಲು ಸಂತೆಯ ದಿನ ಗಾಡಿ ಬಿಡುವ ಬಯಲಾಗಿತ್ತಂತೆ. ನಾವು ಕಾಣುವ ಹೊತ್ತಿಗೆ ಅಲ್ಲಿ ಎಂದೂ ನೀರು ಚಿಮ್ಮದ ಒಂದು ಕಾರಂಜಿ, ಕಂಬದ ಮೇಲೆ ಪುರಸಭೆಯ ರೇಡಿಯೋ, ಬೇವಿನ ಕೆಳಗೊಂದು ಕಲ್ಲಿನ ಆಸನ, ಸುತ್ತ ಮದರಂಗಿ ಬೇಲಿ. ಸಂಜೆ ಕಾಲೇಜು ಬಿಟ್ಟ ಮೇಲೆ ನಾನೂ ನನ್ನ ಗೆಳತಿಯೂ ಆ ಕಲ್ಲಿನ ಮೇಲೆ ಓದುತ್ತಿದ್ದೆವು. ಮನೆಯ ಹೊರಗೆ ನಮಗಿದ್ದ ಜಾಗ ಅದೊಂದೇ. ಮಾಲಿ ಝಾರಿ ಹಿಡಿದು ಬಂದು ನಮ್ಮ ಕಾಲ ಬುಡಕ್ಕೇ ನೀರು ಹಾಕುತ್ತಿದ್ದ.

"ಮನ್ಯಾಗ ಕಟ್ಟಿ ಇಲ್ಲೇನ್ರಿ? ಬ್ಯಾರಿಸ್ಟರ್ ಆಗೋರು ಬಂದ್ರು ನೋಡ್ರಿ."

ಒಂದು ಮಾಘದಲ್ಲಿ ಗೆಳತಿ ಬೇಲಿಯಿಂದ ಒಂದು ಬೊಗಸೆ ಎಲೆ ಕಿತ್ತಳು. ಅವಳ ಆಯಿಗೆ, ಅಂದರೆ ಅಜ್ಜಿಗೆ, ಅಂಗಾಲಿನ ಉರಿ. ಅರೆದು ಹಚ್ಚಿದರೆ ತಂಪು. ಮಾಲಿ ನೋಡಿದ. ಮರುದಿನ ಸಂಜೆ ಅವಳ ಮನೆಯ ಬಾಗಿಲಿಗೇ ಬಂದ. ನಾನೂ ಅಲ್ಲಿದ್ದೆ.

"ಸಾವ್ಕಾರ್ರ, ಪಂಚಮಿ ಇಲ್ಲ, ಮದವಿ ಇಲ್ಲ. ಹುಡುಗಿ ಮದರಂಗಿ ಹರಕೊಂಡ್ ಬಂದಾಳ. ಯಾರ ಸಲುವಾಗಿ, ಕೇಳ್ರಿ."

ಅದನ್ನು ಕೇಳಿದ್ದು ಅವಳ ಅಪ್ಪ ಒಬ್ಬರೇ ಅಲ್ಲ, ಇಡೀ ಓಣಿ. ಆಯಿ ಸೀರೆ ಸರಿಸಿ ಕೆಂಪಾದ ಅಂಗಾಲು ತೋರಿಸಿದಳು. "ಇಲ್ಲೈತಿ ನೋಡೋ ನಿನ್ನ ಮದರಂಗಿ." ಅಪ್ಪ ಅತ್ತ ತಿರುಗಲಿಲ್ಲ. "ಓಣಿ ತುಂಬ ಆತಲ್ಲ ಮಾತು," ಎಂದರು. ಗೆಳತಿ ಮತ್ತೆ ಕಾಲೇಜಿಗೆ ಬರಲಿಲ್ಲ. ಮಳೆಗಾಲದೊಳಗೆ ದೇವಣಗಾಂವಕ್ಕೆ ಕೊಟ್ಟರು... ಅವಳ ಇತಿಹಾಸದ ಪುಸ್ತಕ ಇನ್ನೂ ನನ್ನಲ್ಲೇ ಇದೆ.

ನಾನು ಮುಂದೆ ಓದಲು ಹೋಗಿದ್ದ ಧಾರವಾಡದಿಂದ ರಜೆಗೆ ಬಂದಾಗ ಮಾಲಿ ಬೇಲಿಗೆ ಹಾಕುತ್ತಿದ್ದ ಕತ್ತರಿ ನಿಲ್ಲಿಸಿ ಹೇಳಿದ್ದ, "ನಾ ಹೇಳಿದ್ದಕ್ಕ ಒಂದ್ ಮನಿ ಮಾನ ಉಳೀತು ನೋಡ್ರಿ."

"ನಾಳೆ ನೀನೂ ಹೋಗಿ ಅವನ ಮನಿಯವ್ರನ್ನ ಮಾತಾಡ್ಸಿ ಬಾ," ಎಂದಳು ಅವ್ವ, ಸೆರಗು ಕೊಡವುತ್ತ.

ಮರುದಿನ ಬೆಳಿಗ್ಗೆ ಮಾಲಿಯ ಮನೆಗಲ್ಲ, ಗಾರ್ಡನ್ನಿಗೆ ಹೋದೆ. ಕಲ್ಲಿನ ಮೇಲೆ ಒಬ್ಬಳೇ ಸ್ವಲ್ಪ ಹೊತ್ತು ಕೂತೆ. ಪಕ್ಕದಲ್ಲಿ ಗೆಳತಿಯ ಜಾಗ ಖಾಲಿ ಇತ್ತು. ಎದ್ದು, ಜನ ಓಡಾಡುವ ಕಡೆಯ ಬೇಲಿಯಿಂದ ಉಡಿ ತುಂಬ ಎಲೆ ಹರಿದೆ. ಪಂಚಮಿ ಇರಲಿಲ್ಲ, ಮದುವೆ ಇರಲಿಲ್ಲ. ಅರೆದು ಎರಡೂ ಅಂಗೈಗೆ ಹಚ್ಚಿಕೊಂಡು, ಓಣಿಗೆ ಕಾಣುವಂತೆ ಮನೆಯ ಕಟ್ಟೆಯ ಮೇಲೆ ಕುಳಿತೆ.