ಬೆರಳಗಲದಲ್ಲಿ ನಿಲ್ಲುವ ಏಟು

ಗಾಜಣ್ಣನ ಬೆನ್ನು ನೋಡದ ಪ್ರೇಕ್ಷಕನಿಲ್ಲ, ಮುಖ ನೋಡಿದವನೂ ಇಲ್ಲ. ನಾಯಕನ ಬದಲು ಮಹಡಿಯಿಂದ ಬೀಳುವುದು, ಖಳನ ಬದಲು ಗಾಜು ಒಡೆದುಕೊಂಡು ಹಾರುವುದು ಅವನ ಕಸುಬು. ಹೆಸರು ಅಂಟಿದ್ದೂ ಆ ಗಾಜಿನಿಂದಲೇ. ಸೊಂಟ ಮುರಿದುಕೊಂಡವನು ಇವನು, ಶಿಳ್ಳೆ ಗಿಟ್ಟಿಸಿದವನು ಇನ್ನೊಬ್ಬ. ಯಾವ ಸೀಮೆಯ ನ್ಯಾಯವೋ ಕಾಣೆ.

ಸಿನಿಮಾ ಫೈಟರುಗಳಿಗೆ ಒಂದು ಶಿಸ್ತಿದೆ. ಮುಷ್ಟಿ ಎಷ್ಟೇ ರಭಸದಿಂದ ಬರಲಿ, ಎದುರಿನವನ ದವಡೆಗೆ ಬೆರಳಗಲ ದೂರದಲ್ಲಿ ನಿಲ್ಲಬೇಕು. ಏಟು ತಿನ್ನುವವನು ಕತ್ತು ತಿರುಗಿಸಿ ತಾನೇ ಎಗರಿ ಬೀಳಬೇಕು. ಇಷ್ಟು ವರ್ಷ ಗಾಜಣ್ಣ ಯಾರ ಮೈಗೂ ಒಂದು ಗೀರು ತಾಗಿಸಿದವನಲ್ಲ. ಮನೆಯಲ್ಲಂತೂ ಬಾಯಿ, ಕೈ ಎರಡೂ ಹೆಂಡತಿಯವೇ.

ಹೊಲಿಗೆ ಕಾರ್ಖಾನೆಯಲ್ಲಿ ದುಡಿಯುವ ಆಕೆ ಗಂಡನ ಸಿನಿಮಾಗಳಿಗೆ ಹೋಗುವುದನ್ನು ಎಂದೋ ಬಿಟ್ಟಿದ್ದಳು. “ನಿಮ್ಮ ಬೆನ್ನು ನೋಡೋಕೆ ಅಷ್ಟು ದೂರ ಯಾಕೆ ಬರಲಿ? ದಿನಾ ಆ ಕಡೆ ತಿರುಗಿ ಮಲಗ್ತೀರಲ್ಲ, ಸಾಕು.”

ಹೀಗಿರುವಾಗ ಒಬ್ಬ ಹೊಸ ನಿರ್ದೇಶಕ ಗಾಜಣ್ಣನಿಗೆ ಪಾತ್ರವನ್ನೇ ಕೊಟ್ಟ. ಕಿಟಕಿಯ ಗಾಜು ಒಡೆದುಕೊಂಡು ಬಿದ್ದು ಸಾಯುವ ಕೂಲಿಯ ಪಾತ್ರ. ಕಣ್ಣು ಮುಚ್ಚುವವರೆಗೂ ಕ್ಯಾಮೆರಾ ಮುಖದಿಂದ ಕದಲಲಿಲ್ಲ. ಆದರೆ ಆ ಚಿತ್ರವನ್ನು ಕೊಳ್ಳುವ ಪುಣ್ಯಾತ್ಮ ಸಿಗಲಿಲ್ಲ. ಕೊನೆಗೆ ದೊಡ್ಡ ನಗರದ ಚಿತ್ರೋತ್ಸವದಲ್ಲಿ ಒಂದೇ ಒಂದು ಪ್ರದರ್ಶನ ದಕ್ಕಿತು. ಅದು ತಪ್ಪಿದರೆ ಮತ್ತೆಲ್ಲೂ ಇಲ್ಲ. ಹೆಂಡತಿ ರಜೆ ಹಾಕಿ, ಒಳ್ಳೆಯ ಸೀರೆಯುಟ್ಟು ಹೊರಟಳು.

ಉತ್ಸವವೋ, ಕುರಿ ದೊಡ್ಡಿಯೋ! ಬೆಳಗಿನಿಂದ ಸಾಲು. ಚಿತ್ರ ಬೇರೆ ಹಾಲ್‌ನಲ್ಲಿ ಎಂದು ಕೆಳಗೆ ಅಟ್ಟಿದರು, ಅಲ್ಲ ಇಲ್ಲೇ ಎಂದು ಮತ್ತೆ ಮೆಟ್ಟಿಲು ಹತ್ತಿಸಿದರು. ಚಿತ್ರ ಶುರುವಾದ ಮೇಲೂ ಕತ್ತಿಗೆ ಬಿಲ್ಲೆ ನೇತುಹಾಕಿಕೊಂಡವರು ಬಂದರೆ ಬಾಗಿಲು ತೆರೆಯುತ್ತಿತ್ತು. ಸಾಲಿನವರ ಸರದಿ ಬಂದಾಗ ಕಾವಲುಗಾರ ಲಾಠಿ ಅಡ್ಡ ಹಿಡಿದ.

“ಫುಲ್ ಆಗಿದೆ.”

“ಅಲ್ಲಿ ಎರಡು ಸಾಲು ಖಾಲಿ ಇದೆಯಲ್ಲಪ್ಪ,” ಎಂದ ಗಾಜಣ್ಣ.

“ಅದು ಅತಿಥಿಗಳಿಗೆ. ಹಿಂದೆ ಸರೀರಿ.”

“ಈ ಸಿನಿಮಾದಲ್ಲಿ ನಾನಿದ್ದೀನಿ. ನನ್ನ ಬಿಡೋದು ಬೇಡ, ಇವಳೊಬ್ಬಳನ್ನ ಬಿಡು. ಮೂಲೇಲಿ ನಿಂತ್ಕೊಂಡು ನೋಡ್ತಾಳೆ.”

“ಬೆಳಗಿಂದ ಬಂದವರೆಲ್ಲ ಹೀರೋಗಳೇ,” ಎನ್ನುತ್ತ ಕಾವಲುಗಾರ ಆಕೆಯ ಭುಜಕ್ಕೆ ಕೈಹಾಕಿ ನೂಕಿದ. ಆಕೆಯ ಬಾಯಿ ಕಬ್ಬಿಣದ ಕಂಬಿಗೆ ಬಡಿದು ತುಟಿ ಸೀಳಿತು.

ಗಾಜಣ್ಣನ ಪಿತ್ತ ನೆತ್ತಿಗೇರಿತು. ಮೈಯ ಬಲವನ್ನೆಲ್ಲ ಒಟ್ಟುಗೂಡಿಸಿ ಮುಷ್ಟಿ ಬೀಸಿದ. ಮುಷ್ಟಿ ಕಾವಲುಗಾರನ ದವಡೆಗೆ ಬೆರಳಗಲ ದೂರದಲ್ಲಿ ನಿಂತುಬಿಟ್ಟಿತು. ಆ ಕೈ ಕಲಿತದ್ದೇ ಅಷ್ಟು. ಗಾಜಣ್ಣ ಬೆಪ್ಪನಾಗಿ ತನ್ನ ಮುಷ್ಟಿಯನ್ನೇ ನೋಡಿದ.

ಲಾಠಿ ನಿಲ್ಲಲಿಲ್ಲ. ಹಣೆ ಒಡೆಯಿತು, ಇನ್ನೊಂದು ಏಟಿಗೆ ಬಾಯಿಂದ ಹಲ್ಲು ಹಾರಿತು. ಅವನು ಮೆಟ್ಟಿಲುಗಳ ಮೇಲೆ ಉರುಳಿದ. ಶೂಟಿಂಗಿನಲ್ಲಿ ಹಾಸುವಂತೆ ಕೆಳಗೆ ಹಾಸಿಗೆಯಿಲ್ಲ, ಬರೀ ಕಲ್ಲು. ಪಕ್ಕೆಲುಬು ಲಟಕ್ಕೆಂದಿತು. ರೊಚ್ಚಿಗೆದ್ದ ಸಾಲಿನ ಜನ ಅವನನ್ನು ತುಳಿದುಕೊಂಡೇ ನುಗ್ಗಿ ಬಾಗಿಲನ್ನು ಕೀಲು ಸಮೇತ ಕಿತ್ತರು.

ಒಳಗೆ ಗಾಜು ಒಡೆದ ಸದ್ದು. ಅದು ತನ್ನ ಗಾಜು ಎಂದು ಗಾಜಣ್ಣನಿಗೆ ಗೊತ್ತಾಯಿತು. ತಲೆಯೆತ್ತಿದರೆ ಬಾಗಿಲಾಚೆ ಗೋಡೆಯಷ್ಟು ದೊಡ್ಡದಾಗಿ ಅವನ ಮುಖ. ಹೆಂಡತಿ ಹೊಸ್ತಿಲಲ್ಲೇ ಇದ್ದಳು, ಪರದೆಗೆ ಬೆನ್ನು ಹಾಕಿ. ಚಪ್ಪಲಿ ಕೈಗೆ ತೆಗೆದುಕೊಂಡು ಕಾವಲುಗಾರನನ್ನು ಮುಖಮೂತಿ ನೋಡದೆ ಬಾರಿಸುತ್ತಿದ್ದಳು. ಅವಳ ಏಟು ಒಂದೂ ನಡುವೆ ನಿಲ್ಲಲಿಲ್ಲ.

“ನನ್ನ ಗಂಡನ ಮುಖಕ್ಕೆ ಹೊಡೀತೀಯೇನೋ? ಮುಖಕ್ಕೆ ಹೊಡೀತೀಯಾ?”

“ತಿರುಗಿ ನೋಡೇ,” ಎಂದ ಗಾಜಣ್ಣ. ಬಾಯಿ ತುಂಬ ರಕ್ತ. ಮಾತು ಅವಳಿಗೆ ಮುಟ್ಟಲಿಲ್ಲ. ಪರದೆಯ ಮೇಲಿನವನು ಕಣ್ಣು ಮುಚ್ಚಿದ. ಒಳಗೆ ಕೂತಿದ್ದವರು ಚಪ್ಪಾಳೆ ತಟ್ಟಿದರು.

ಆಮೇಲೆ ಅವಳು ಏದುಸಿರು ಬಿಡುತ್ತ ಇಳಿದು ಬಂದಳು. ಸೆರಗಿನಿಂದ ಅವನ ಮುಖ ಒರೆಸಿ, ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು.

“ಆಸ್ಪತ್ರೆಗೆ ಆಮೇಲೆ ಹೋಗೋಣ ಬನ್ನಿ, ಬಾಗಿಲು ತೆಗೆದಿದೆ. ನಿಮ್ಮ ಸೀನು ಇನ್ನೂ ಬಂದಿಲ್ಲ ತಾನೇ?”

“ಇಲ್ಲ ಕಣೇ, ಇನ್ನೂ ಬಂದಿಲ್ಲ,” ಎಂದ ಗಾಜಣ್ಣ, ಅವಳ ಭುಜ ಹಿಡಿದು ಮೆಟ್ಟಿಲು ಹತ್ತತೊಡಗಿದ.